ವೈನಿಯ ಆರು ಬಟ್ಟಲು

ನನ್ನ ಬಾಯಿ ಒರಟು. ಮದುವೆಗೆ ಮುಂಚೆಯೇ ನಮ್ಮವ್ವ ಹೇಳಿದ್ದಳು, ಈ ಬಾಯಿ ಇಟ್ಟುಕೊಂಡು ನೀ ಎಲ್ಲಿ ಬಾಳ್ವೆ ಮಾಡತೀ ಅಂತ. ಕಾರ್ಖಾನೆಯಲ್ಲಿ ಉಕ್ಕನ್ನು ಕಾಯಿಸಿ ಹದಮಾಡುವ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಅದು ಉಪಯೋಗಕ್ಕೇ ಬಂತು, ಉರಿಯುವ ಭಟ್ಟಿಯ ಮುಂದೆ ಮೆಲ್ಲಗೆ ಮಾತಾಡಿದರೆ ಯಾರೂ ಕೇಳುವುದಿಲ್ಲ. ನಿವೃತ್ತಿಯಾದ ಮೇಲೆ ನಾಚಾರಂನ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ಒಂದು ಸಣ್ಣ ಕರೆಂಟಿನ ಭಟ್ಟಿ ಇಟ್ಟುಕೊಂಡು ಮಣ್ಣಿನ ಪಾತ್ರೆ ಸುಡಲು ಕಲಿಯತೊಡಗಿದೆ. ನಾಲ್ಕಾರು ಮಂದಿ ಹೆಣ್ಣುಮಕ್ಕಳಿಗೆ ಶನಿವಾರ ಮಣ್ಣಿನ ಕೆಲಸ ಹೇಳಿಕೊಡುತ್ತಿದ್ದೆ. ಬಾಯಿ ಮಾತ್ರ ಶಾಪಿನದೇ ಉಳಿದಿತ್ತು.

ಆ ಶನಿವಾರದ ಮಂದಿಯಲ್ಲಿ ವೈನಿ ಒಬ್ಬರು. ನನ್ನ ಸ್ವಂತ ಅಣ್ಣನ ಹೆಂಡತಿಯಲ್ಲ. ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದ, ನನಗಿಂತ ಎಂಟು ವರ್ಷ ಹಿರಿಯರೊಬ್ಬರನ್ನು ನಾವು ಕನ್ನಡದವರೆಲ್ಲ ಅಣ್ಣಾರು ಎನ್ನುತ್ತಿದ್ದೆವು, ಹಾಗಾಗಿ ಅವರ ಹೆಂಡತಿ ವೈನಿ. ಬಾಗಲಕೋಟೆ ಕಡೆಯವರು. ಇಷ್ಟು ವರ್ಷ ಉಪ್ಪಲ್‌ನಲ್ಲಿದ್ದು ತರಕಾರಿಯವನೊಡನೆ ತೆಲುಗು, ಆಟೋದವನೊಡನೆ ಹಿಂದಿ ಮಾತಾಡಿದರೂ, ಮನೆಗೆ ಬಂದೊಡನೆ ಚಪ್ಪಲಿಯ ಜೊತೆ ಅವೆರಡನ್ನೂ ಬಾಗಿಲಲ್ಲೇ ಬಿಡುವ ಹೆಂಗಸು. ಅಣ್ಣಾರು ಸ್ಕೂಟರಿನಲ್ಲಿ ಕರೆತಂದು ಬಿಟ್ಟು, ಗೇಟಿನ ಹೊರಗೆ ಪೇಪರು ಓದುತ್ತ ಕೂರುತ್ತಿದ್ದರು.

ಚಕ್ರ ನನ್ನ ಹತ್ತಿರ ಇರಲಿಲ್ಲ. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿ ಸುತ್ತಿ ಏರಿಸಿ, ಒಳಗಿನಿಂದ ಬೆರಳಲ್ಲಿ ಒತ್ತಿ ಸಂದು ಮುಚ್ಚಿ ಬಟ್ಟಲು ಕಟ್ಟುವುದು ನಮ್ಮ ರೀತಿ. ಕೆಳಗಿನ ಹಲಗೆಯನ್ನು ತಿರುಗಿಸುತ್ತ ಒತ್ತಿದರೆ ಗೋಡೆ ಎಲ್ಲ ಕಡೆ ಒಂದೇ ಸಮನಾಗುತ್ತದೆ. ವೈನಿ ತಿರುಗಿಸುತ್ತಿರಲಿಲ್ಲ. ಬಟ್ಟಲನ್ನು ಎದುರಿಗಿಟ್ಟುಕೊಂಡು ಎಡಗಡೆಯನ್ನು ಎಡಗೈಯಿಂದ, ಬಲಗಡೆಯನ್ನು ಬಲಗೈಯಿಂದ ಒತ್ತುತ್ತ ಕೂರುತ್ತಿದ್ದರು. ಎಡಗಡೆ ಗೋಡೆ ತೆಳ್ಳಗೆ, ನೆಟ್ಟಗೆ ಏಳುತ್ತಿತ್ತು. ಬಲಗಡೆಯದು ದಪ್ಪಗೆ ಉಳಿದು ಒಳಕ್ಕೆ ಬಾಗುತ್ತಿತ್ತು. ಮೊದಲ ಬಟ್ಟಲಾದರೆ ಸರಿ, ಐದನೆಯದೂ ಹಾಗೇ ಆದಾಗ ನನಗೆ ತಡೆಯಲಿಲ್ಲ.

"ವೈನಿ, ಎಡಗೈ ದುಡೀತೈತಿ. ಬಲಗೈ ಏನು ತವರಿಗೆ ಹೋಗೇತೇನ್ರಿ?"

ಉಳಿದವರು ನಕ್ಕರು. ವೈನಿಯೂ ನಕ್ಕರು. "ಹೂಂ ತಂಗಿ, ಪಂಚಮಿಗೆ ಕರಿಯಾಕ ಬಂದಿದ್ರು. ಬರತೈತಿ ತಡಿ."

ಆರನೆಯ ಬಟ್ಟಲಿನಲ್ಲೂ ಅದೇ ಬಾಗು. ನಾನು ಆ ತಮಾಷೆಯನ್ನು ಮತ್ತೊಮ್ಮೆ, ಇನ್ನಷ್ಟು ಜೋರಾಗಿ ಮಾಡಿದೆ. ಆಮೇಲೆ ಆರೂ ಬಟ್ಟಲುಗಳನ್ನು ಒಣಗಲು ಹಲಗೆಯ ಮೇಲೆ ಸಾಲಾಗಿ ಇಟ್ಟೆ.

ಮುಂದಿನ ಶನಿವಾರ ವೈನಿ ಬರಲಿಲ್ಲ. ಅಣ್ಣಾರ ಫೋನು ಬಂತು. ಬೆಳಿಗ್ಗೆ ಚಹಾದ ಕಪ್ಪು ಕೈಯಿಂದ ಜಾರಿ ಬಿತ್ತಂತೆ, ಮಾತು ತೊದಲಿತಂತೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಲಭಾಗ ಬಿದ್ದೇ ಹೋಗಿತ್ತು. ಜೀವಕ್ಕೆ ಭಯವಿಲ್ಲ ಎಂದರು. ಕಾಲು ನಿಧಾನಕ್ಕೆ ಬರುತ್ತದೆ, ಕೈಯ ಮಾತು ಹೇಳಲಾಗದು ಎಂದೂ ಹೇಳಿದರು.

ವೈನಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಎರಡು ಸಲ ಹೋಗಿ ನೋಡಿದೆ. ಊಟದ ಹೊತ್ತಿಗೇ ಕಷ್ಟ. ವ್ಯಾಯಾಮ ಮಾಡಿಸಲು ಬರುವ ಹುಡುಗಿ, ಎಡಗೈಯಲ್ಲಿ ಚಮಚ ಹಿಡಿದು ತಾವೇ ತಿನ್ನಬೇಕು ಎಂದು ದಿನಾ ಹೇಳುತ್ತಿದ್ದಳು. ವೈನಿ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ಎಡಗೈಯಿಂದ ಅನ್ನ ಮುಟ್ಟದೆ ಅರವತ್ತು ವರ್ಷ ಬಾಳಿದವರು. ಅಣ್ಣಾರು ತುತ್ತು ಕೊಟ್ಟರೆ ಎರಡು ತುತ್ತಿಗೆ ತುಟಿ ಬಿಗಿಯುತ್ತಿದ್ದರು. ಗಚ್ಚಿಬೌಲಿಯಲ್ಲಿರುವ ಮಗಳು ಶನಿವಾರ ಬಂದು, ಉಣಿಸಲು ನೋಡಿ, ಅತ್ತು ಹೋಗುತ್ತಿದ್ದಳು. ಕೊರಳ ಎಲುಬು ಕಾಣುವಷ್ಟು ಇಳಿದುಬಿಟ್ಟಿದ್ದರು ವೈನಿ.

ಒಂದು ದಿನ ಅಣ್ಣಾರು ಒಬ್ಬರೇ ಬಂದು ಗೇಟಿನ ಒಳಗೆ ನಿಂತರು.

"ತಂಗಿ, ಆಕಿ ಮಾಡಿದ ಬಟ್ಟಲು ಅದಾವೇನ್ರಿ?"

"ಅದಾವ್ರಿ ಅಣ್ಣಾರ. ಹಸಿ ಅದಾವ, ಸುಟ್ಟಿಲ್ಲ."

"ನಿನ್ನೆ ಭಾಳ ಒತ್ತಾಯ ಮಾಡಿದೆ. ನನ್ನ ಬಟ್ಟಲ ಬರಲಿ, ಅದರಾಗ ನಾನ ಉಣ್ತೀನಿ ಅಂದ್ಲು." ಆಮೇಲೆ ತಾವೇ ಹೇಳಿದರು, "ತಪ್ಪಿಸಿಕೊಳ್ಳಾಕ ಅಂದಿರಬೇಕು. ಆದ್ರೂ ಮಾತು ಅಂದ್ರ ಮಾತು ನೋಡ್ರಿ, ಆಕಿ ಆಡಿದ ಮಾತು ತಪ್ಪಂಗಿಲ್ಲ."

ಆ ಹೊತ್ತಿನಿಂದ ಆರು ಹಸಿ ಬಟ್ಟಲುಗಳು ನನ್ನ ಪಾಲಿಗೆ ಬೇರೆಯೇ ಆದವು. ಆ ಕೈ ಇನ್ನೊಂದು ಕಟ್ಟಿಕೊಡುವ ಹಾಗಿರಲಿಲ್ಲ.

ಕೆಲಸ ಎರಡು ಹಂತದ್ದು. ಮೊದಲ ಸಲ ಸುಮಾರು ಒಂಬೈನೂರ ಎಂಬತ್ತು ಡಿಗ್ರಿಗೆ ಸುಟ್ಟರೆ ಹಸಿ ಮಣ್ಣು ಗಟ್ಟಿಯಾಗುತ್ತದೆ, ಆದರೆ ಇಟ್ಟಿಗೆಯ ಹಾಗೆ ನೀರು ಕುಡಿಯುತ್ತದೆ. ಅದರಲ್ಲಿ ಮಜ್ಜಿಗೆ ಹಾಕಿದರೆ ಗೋಡೆಯೇ ಅರ್ಧ ಕುಡಿದು ನಾಳೆಗೆ ಹುಳಿ ನಾರುತ್ತದೆ. ಅದಕ್ಕೇ ಗ್ಲೇಜ್ ಬೇಕು. ಗಾಜಾಗುವ ಪುಡಿಗಳನ್ನು ನೀರಿನಲ್ಲಿ ಕದಡಿ, ಬಟ್ಟಲನ್ನು ಅದರಲ್ಲಿ ಅದ್ದಿ ತೆಗೆದು, ಸಾವಿರದ ಇನ್ನೂರು ಡಿಗ್ರಿಗೆ ಇನ್ನೊಮ್ಮೆ ಸುಟ್ಟರೆ ಮೈಮೇಲೆ ಗಾಜಿನ ಪದರ ಕೂರುತ್ತದೆ. ಮೊದಲನೆಯದನ್ನು ನಾನು ಹತ್ತಾರು ಸಲ ಮಾಡಿದ್ದೆ. ಗ್ಲೇಜ್ ಮಾತ್ರ ಮಣ್ಣಿನ ಸಣ್ಣ ಸಣ್ಣ ಬಿಲ್ಲೆಗಳ ಮೇಲೆ ಹಚ್ಚಿ ನೋಡಿದ್ದೆ, ಪಾತ್ರೆಯ ಮೇಲಲ್ಲ.

ನನಗೆ ಬರುತ್ತದೆ ಎಂದುಕೊಂಡ ಕೆಲಸದಲ್ಲೇ ಮೊದಲು ಎಡವಿದೆ. ಮಳೆಗಾಲ, ಗಾಳಿಯಲ್ಲೇ ತೇವ. ದಪ್ಪ ಗೋಡೆಯೊಳಗಿನ ಪಸೆ ಹೋಗಲು ಮುಚ್ಚಳ ಸ್ವಲ್ಪ ತೆರೆದಿಟ್ಟು, ನೀರು ಕುದಿಯುವ ಬಿಸಿಗಿಂತ ಕೆಳಗೆ ಅರ್ಧ ದಿನ ಕಾಯಿಸಬೇಕಿತ್ತು. ಭಟ್ಟಿ ಮಾಡಿಕೊಟ್ಟ ಮಿಸ್ತ್ರಿ ಅವತ್ತೇ ಹೇಳಿದ್ದ, "ಮೇಡಂ, ಭಟ್ಟಿ ಕು ಜಲ್ದಿ ನಕ್ಕೋ ಕರೋ." ಅವಸರ ಬೇಡವೆಂದು ಇಷ್ಟು ಸರಳವಾಗಿ ಹೇಳಿದ್ದನ್ನೂ ನಾನು ಕೇಳಲಿಲ್ಲ. ಎರಡೇ ಗಂಟೆ ಕಾಯಿಸಿ ಬಿಸಿ ಏರಿಸಿದೆ. ಒಳಗೆ ಟಪ್ ಎಂದಿತು. ಮರುದಿನ ತೆಗೆದರೆ ಆರರಲ್ಲಿ ಒಂದು ಬಟ್ಟಲು ಚೂರು ಚೂರು. ಒಡೆದದ್ದು ದಪ್ಪ ಬಲಗೋಡೆಯಿಂದಲೇ.

ಉಳಿದ ಐದನ್ನು ಅಣ್ಣಾರಿಗೆ ಕೊಟ್ಟೆ. "ಇನ್ನೂ ಮುಗಿದಿಲ್ರಿ. ವೈನೀಗೆ ತೋರಿಸ್ರಿ, ಜೀವಕ್ಕೊಂದೀಟು ಸಮಾಧಾನ ಆಗಲಿ. ವಾರದಾಗ ತಿರುಗಿ ತಂದುಕೊಡ್ರಿ" ಎಂದೆ. ಅವರು ಟವೆಲಿನಲ್ಲಿ ಒಂದೊಂದನ್ನೂ ಬೇರೆಬೇರೆ ಸುತ್ತಿ, ಸ್ಕೂಟರಿನ ಮುಂದಿನ ಬುಟ್ಟಿಯಲ್ಲಿಟ್ಟುಕೊಂಡು, ಎತ್ತಿನ ಗಾಡಿಗಿಂತ ಮೆಲ್ಲಗೆ ಹೋದರು. ವಾರದ ಮೇಲೆ ಅಷ್ಟೇ ಜೋಪಾನವಾಗಿ ತಂದುಕೊಟ್ಟರು. ಬಟ್ಟಲುಗಳ ಬಣ್ಣ ತುಸು ಗಾಢವಾದಂತೆ ಕಂಡಿತು. ಮಳೆಯ ತೇವ ಇರಬೇಕು ಎಂದುಕೊಂಡೆ.

ವೈನಿ ಮಜ್ಜಿಗೆಯ ಬಣ್ಣ ಬೇಕೆಂದಿದ್ದರಂತೆ. ಬಿಲ್ಲೆಗಳ ಮೇಲೆ ಚೆನ್ನಾಗಿ ಬಂದಿದ್ದ ಒಂದು ಬಿಳಿ ಗ್ಲೇಜ್ ಇತ್ತು, ಸೀಸವಿಲ್ಲದ್ದು, ಊಟಕ್ಕೆ ಸಲ್ಲುವಂಥದ್ದು. ಮೂರು ಸಲ ಜರಡಿ ಹಿಡಿದು, ಕೆನೆಹಾಲಿನ ಹದಕ್ಕೆ ಕದಡಿದೆ. ಇಡೀ ಮಾಲನ್ನು ಒಂದೇ ಸಲ ಭಟ್ಟಿಗೆ ಹಾಕಬಾರದು ಎಂಬ ಶಾಪಿನ ಬುದ್ಧಿಯೊಂದು ಉಳಿದಿತ್ತು, ಅದರಿಂದ ಎರಡನ್ನೇ ತೆಗೆದುಕೊಂಡೆ. ಒದ್ದೆ ಸ್ಪಂಜಿನಿಂದ ಧೂಳು ಒರೆಸಿ, ಇಕ್ಕಳದಲ್ಲಿ ಹಿಡಿದು, ಅದ್ದಿ, ಮೂರೆಣಿಸಿ ಎತ್ತಿದೆ. ಸುಟ್ಟ ಮಣ್ಣು ನೀರನ್ನು ಹೀರಿ, ಪುಡಿ ತಕ್ಷಣ ಮೈಗಂಟಬೇಕು. ಇಲ್ಲಿ ಹಾಗಾಗಲಿಲ್ಲ. ಗ್ಲೇಜ್ ಜಾರಿ ಜಾರಿ ಇಳಿದು, ತೆಳ್ಳಗೆ ಅಲ್ಲಲ್ಲಿ ನಿಂತಿತು. ಅಲ್ಲೇ ನಿಂತು ಯೋಚಿಸಬೇಕಿತ್ತು ನಾನು. ಬದಲಿಗೆ, ನೀನು ಹಿಡಿಯುವುದಿಲ್ಲ ಅಂದರೆ ನಾನು ಬಿಡುತ್ತೇನಾ ಎನ್ನುವಂತೆ, ಒಣಗಿಸಿ ಎರಡನೆಯ ಸಲ ಅದ್ದಿದೆ. ಈಗ ದಪ್ಪಗೆ ಕೂತಿತು. ಬುಡ ಒರೆಸಿ, ಭಟ್ಟಿಯೊಳಗಿನ ತಟ್ಟೆಗೆ ಅಂಟದಂತೆ ಬಿಳಿ ಲೇಪ ಹಚ್ಚಿ, ಬೆರಳಷ್ಟು ಅಂತರ ಬಿಟ್ಟು ಎರಡನ್ನೂ ಭಟ್ಟಿಯಲ್ಲಿಟ್ಟೆ.

ಭಾನುವಾರವೇ ಸುಡುವುದು. ವಾರದ ದಿನಗಳಲ್ಲಿ ಸುತ್ತಲಿನ ಶೆಡ್ಡುಗಳೆಲ್ಲ ಲೇತು, ಪ್ರೆಸ್ಸು ಓಡಿಸುತ್ತಿದ್ದರೆ ಓಲ್ಟೇಜು ಕುಸಿದು, ನನ್ನ ಭಟ್ಟಿ ಸಾವಿರ ದಾಟಲು ಒದ್ದಾಡುತ್ತದೆ. ಬೆಳಿಗ್ಗೆ ಆರಕ್ಕೆ ಹಾಕಿದೆ. ಗಂಟೆಗೆ ನೂರು ಡಿಗ್ರಿಯಂತೆ ಆರುನೂರರವರೆಗೆ, ಆಮೇಲೆ ಸ್ವಲ್ಪ ಜೋರು. ನೋಡುವ ಕಿಂಡಿಯ ನೇರಕ್ಕೆ ಒಂದು ಕೋನ್ ನಿಲ್ಲಿಸಿದ್ದೆ. ಬೆರಳುದ್ದದ ಮಣ್ಣಿನ ಗೋಪುರ ಅದು, ಒಳಗಿನ ಶಾಖ ಸಾಕಾದಾಗ ತಲೆ ಬಾಗಿಸುತ್ತದೆ. ಮೀಟರು ಸುಳ್ಳು ಹೇಳಬಹುದು, ಕೋನ್ ಹೇಳುವುದಿಲ್ಲ. ಸಂಜೆ ನಾಲ್ಕಕ್ಕೆ ಅದು ಬಾಗಿತು, ಕಾಲು ಗಂಟೆ ಅದೇ ಬಿಸಿಯಲ್ಲಿ ಹಿಡಿದು ಆರಿಸಿದೆ.

ಮರುದಿನ ಮುಚ್ಚಳ ತೆಗೆದೆ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗ್ಲೇಜ್ ಉಂಡೆ ಉಂಡೆಯಾಗಿ ಮುದುಡಿ ಕೂತಿತ್ತು. ಉಂಡೆಗಳ ನಡುವೆ ಬರಿ ಮಣ್ಣು. ಅಂಚು ಬೆರಳಿಗೆ ಚುಚ್ಚುವಷ್ಟು ಹರಿತ. ಬಾಯಿಗೆ ಹೋಗುವ ಚಮಚ ಇಡುವ ಪಾತ್ರೆಯಾಗಿ ಎರಡೂ ಕೆಲಸಕ್ಕೆ ಬಾರದೆ ಹೋದವು.

ಮೂರು ಉಳಿದವು. ಗ್ಲೇಜಿನದೇ ತಪ್ಪು ಎಂದು ಮೊದಲು ಅದನ್ನು ಬೈದೆ. ಅದೇ ಬಕೆಟ್ಟಿನಲ್ಲಿ ನನ್ನ ಬಿಲ್ಲೆಗಳನ್ನು ಅದ್ದಿ, ತೆಳ್ಳಗೆ ಒಂದು, ದಪ್ಪಗೆ ಒಂದು, ಧೂಳಿನ ಮೇಲೆ ಒಂದು ಎಂದು ಸುಟ್ಟು ನೋಡಿದೆ. ದಪ್ಪಗಿನದು ಅಂಚಿನಲ್ಲಿ ತುಸು ಸರಿದಿತ್ತು, ಉಳಿದವೆಲ್ಲ ಸರಿಯಾಗಿಯೇ ಬಂದವು. ಹಾಗಾದರೆ ತಪ್ಪು ಬಟ್ಟಲಿನದು. ಉಳಿದ ಮೂರರಲ್ಲಿ ಒಂದನ್ನು ಎತ್ತಿ ಒಳಗೆ ಒಂದು ಹನಿ ನೀರು ಬಿಟ್ಟೆ. ಕ್ಷಣದಲ್ಲಿ ಮಾಯವಾಗಬೇಕಾದ ಹನಿ ಮುತ್ತಿನ ಹಾಗೆ ಹೊಳೆಯುತ್ತ ಕೂತಿತು. ಸುಟ್ಟ ಮಣ್ಣಿಗೆ ನಾಲಗೆ ತಾಗಿಸಿದರೆ ನಾಲಗೆ ಅಂಟಬೇಕು. ತಾಗಿಸಿದೆ. ಅಂಟಲಿಲ್ಲ. ಆದರೆ ರುಚಿ ಹತ್ತಿತು. ನಮ್ಮವ್ವ ಚಟ್ನಿಪುಡಿಯ ಮೇಲೆ ಸುರಿಯುತ್ತಿದ್ದ ಎಣ್ಣೆಯ ರುಚಿ, ಕುಸುಬಿ ಎಣ್ಣೆ.

ತಕ್ಷಣ ಎಲ್ಲವೂ ತಿಳಿಯಿತು. ನಮ್ಮ ಕಡೆ ಹೊಸ ಗಡಿಗೆಯನ್ನು ಹಾಗೇ ಒಲೆಗೆ ಇಡುವುದಿಲ್ಲ. ಒಳಗೂ ಹೊರಗೂ ಎಣ್ಣೆ ಸವರಿ, ಗಂಜಿ ತುಂಬಿಸಿಟ್ಟು, ಬಿಸಿಲಿಗಿಟ್ಟು, ಪಳಗಿಸಿ ಆಮೇಲೆ ಅಡುಗೆಗೆ ತೆಗೆದುಕೊಳ್ಳುತ್ತಾರೆ. ಮಗುವಿಗೆ ಎಣ್ಣೆ ತೀಡಿದಷ್ಟೇ ಶ್ರದ್ಧೆಯಿಂದ ಯಾರೋ ಈ ಬಟ್ಟಲುಗಳಿಗೆ ಹಾಗೆ ಮಾಡಿದ್ದರು.

ಸ್ಕೂಟರು ಹತ್ತಿ ಉಪ್ಪಲ್‌ಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋಗಿದ್ದೆ. ಅಣ್ಣಾರು ಬಾಗಿಲು ತೆಗೆದರು, ಸೊಂಟಕ್ಕೆ ಟವೆಲು ಸಿಕ್ಕಿಸಿಕೊಂಡು, ಕೈಗೆಲ್ಲ ಹಿಟ್ಟು. ವೈನಿ ಒಳಗೆ ಮಲಗಿದ್ದರು. ನಾನು ಅಡುಗೆಮನೆಯಲ್ಲೇ ನಿಂತು ದನಿ ತಗ್ಗಿಸಿ ಕೇಳಿದೆ, "ಅಣ್ಣಾರ, ಬಟ್ಟಲಕ್ಕ ಎಣ್ಣಿ ಹಚ್ಚಿದ್ರೇನು?"

ಅವರ ಮುಖ ಅರಳಿತು. "ಹಚ್ಚಿದೆನ್ರಿ. ಐದಕ್ಕೂ ಹಚ್ಚಿದೆ. ನಮ್ಮ ಅವ್ವ ಹೊಸಾ ಗಡಿಗಿಗೆ ಮಾಡೂದು ನೋಡಿದ್ದೆ. ಎರಡು ದಿನ ಗಂಜಿ ತುಂಬಿಸಿಟ್ಟೆ, ಮೂರು ದಿನ ಬಿಸಲಿಗೆ ಇಟ್ಟೆ. ಆಕಿ ಮಾಡಬೇಕಾಗಿತ್ತು, ಆಕಿಗೆ ಕೈ ಇಲ್ಲಲ್ಲ, ಅದಕ್ಕ ನಾನ ಮಾಡಿದೆ." ಆಮೇಲೆ ನನ್ನ ಮುಖ ನೋಡಿದರು. "ಯಾಕ್ರಿ ತಂಗಿ, ತಪ್ಪಾತೇನು?"

ಜೋಡಿಸಿಕೊಂಡು ಹೋದ ಒಂದು ಬೈಗುಳವೂ ಹೊರಗೆ ಬರಲಿಲ್ಲ. ಸ್ಟೋರ್ಸ್‌ನಲ್ಲಿ ಕೂತು ಮೊಳೆ ಎಣಿಸುತ್ತಿದ್ದ ಮನುಷ್ಯ, ತಾವೇ ಚಹಾ ಸೋಸಿಕೊಂಡವರಲ್ಲ, ಈಗ ರೊಟ್ಟಿಯ ಹಿಟ್ಟು ನಾದುತ್ತಿದ್ದರು. ಎಣ್ಣೆ ಕುಡಿದ ಮಣ್ಣು ಗ್ಲೇಜ್ ಹಿಡಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದೆ. ಅವರು ಹಿಟ್ಟಿನ ಕೈಯನ್ನು ನೋಡುತ್ತ ನಿಂತರು. "ಆಕಿಗೆ ಹೇಳಬ್ಯಾಡ್ರಿ" ಎಂದರು.

ಮನೆಗೆ ಬಂದ ಮೇಲೆ ಒಂದು ಕೆಟ್ಟ ಯೋಚನೆ ಬಂತು. ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದಿತ್ತು ಅದು. ಅದೇ ಮಣ್ಣು ನನ್ನ ಹತ್ತಿರ ಇದೆ. ಅಂಥದೇ ಬಟ್ಟಲು ನಾನೇ ಕಟ್ಟಿ, ಸುಟ್ಟು, ಗ್ಲೇಜ್ ಮಾಡಿ, ಇದೇ ನಿಮ್ಮದು ಎಂದು ಕೊಟ್ಟರೆ ವೈನಿಗೆ ಹೇಗೆ ಗೊತ್ತಾಗಬೇಕು? ಊಟ ಮಾಡಿದರೆ ಸಾಕಲ್ಲ. ಅವತ್ತು ಮಧ್ಯಾಹ್ನವೇ ಮಣ್ಣು ತೆಗೆದೆ.

ಬಟ್ಟಲು ಬಂತು, ಆದರೆ ನೆಟ್ಟಗೆ. ಹಲಗೆ ತಿರುಗಿಸದೆ ವೈನಿಯ ಹಾಗೆ ಎರಡೂ ಕೈಯಿಂದ ಕಟ್ಟಿ ನೋಡಿದೆ, ಆಗಲೂ ನೆಟ್ಟಗೇ ಬಂತು. ಬೇಕೆಂದು ಬಲಗೋಡೆಯನ್ನು ಒಳಕ್ಕೆ ತಳ್ಳಿದರೆ ತಳ್ಳಿದ ಹಾಗೇ ಕಾಣುತ್ತಿತ್ತು, ಬಾಗಿದ ಹಾಗಲ್ಲ. ನಾಲ್ಕನೆಯದನ್ನು ಕಟ್ಟುವಾಗ ಕೈ ಸೋತು, ಬಲಗೈಯ ಬೆರಳುಗಳನ್ನು ಗೋಡೆಯ ಒಳಗೆ ಸುಮ್ಮನೆ ಇಟ್ಟಿದ್ದೆ, ಒತ್ತಿರಲಿಲ್ಲ. ಎಡಗೈ ಮಾತ್ರ ದುಡಿಯುತ್ತಿತ್ತು. ಮುಗಿಸಿ ನೋಡಿದರೆ ಎದುರಿಗೆ ವೈನಿಯ ಬಟ್ಟಲು ಕೂತಿತ್ತು. ಅದೇ ದಪ್ಪ, ಅದೇ ಬಾಗು.

ನಾನು ಕೈ ತೊಳೆಯದೆ ಕೂತುಬಿಟ್ಟೆ. ಆ ಕೈಯಲ್ಲಿ ಆಗಲೇ ಶಕ್ತಿ ಇರಲಿಲ್ಲ. ನಾಲ್ಕು ಶನಿವಾರ ನನ್ನ ಕಣ್ಣೆದುರಿಗೆ, ನನ್ನ ಹಲಗೆಯ ಮೇಲೆ, ಆ ಕೈ ಸೋಲುತ್ತ ಬಂದಿತ್ತು. ಆರು ಬಟ್ಟಲೂ ಅದನ್ನೇ ಹೇಳುತ್ತಿದ್ದವು. ಇಪ್ಪತ್ತೈದು ವರ್ಷ ಉಕ್ಕಿನ ಬಣ್ಣ ನೋಡಿ ಬಿಸಿ ಹೇಳುತ್ತಿದ್ದವಳು ನಾನು, ಒಂದು ಕೈಯನ್ನು ನೋಡಿ ಏನೂ ತಿಳಿಯದೆ, ತವರಿಗೆ ಹೋಗಿದೆಯೇ ಎಂದು ನಗಾಡಿದ್ದೆ. ಆಗ ಆಸ್ಪತ್ರೆಗೆ ಹೋಗಿದ್ದರೆ ಏನಾಗುತ್ತಿತ್ತೋ ಬಲ್ಲವರು ಯಾರು? ಆದರೆ ಆ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ನಾನು ಕಟ್ಟಿದ ನಾಲ್ಕನ್ನೂ ಮುದ್ದೆ ಮಾಡಿ ಮಣ್ಣಿನ ಡಬ್ಬಿಗೆ ಹಾಕಿದೆ. ಆ ಕೈ ಕಡೆಯದಾಗಿ ಮಾಡಿದ್ದು ಇನ್ನೂ ಮೂರಿವೆ, ಕೊಟ್ಟರೆ ಅವನ್ನೇ ಕೊಡಬೇಕು, ಇಲ್ಲವಾದರೆ ನಡೆದದ್ದನ್ನು ನಡೆದಂತೆ ಹೇಳಿ ಕ್ಷಮೆ ಕೇಳಬೇಕು ಎಂದು ನಿಶ್ಚಯಿಸಿದೆ.

ದಾರಿ ಒಂದೇ ಇತ್ತು. ಗ್ಲೇಜ್ ಇಲ್ಲದೆ ಬಟ್ಟಲುಗಳನ್ನು ಮತ್ತೆ ಸುಟ್ಟು ಎಣ್ಣೆಯನ್ನು ಉರಿಸಿಬಿಡುವುದು. ಶಾಪಿನಲ್ಲಿ ಎಣ್ಣೆ ಮೆತ್ತಿದ ಬಿಡಿಭಾಗವನ್ನು ತೊಳೆಯದೆ ಭಟ್ಟಿಗೆ ಹಾಕಿದ ಹುಡುಗರನ್ನು ನಾನೆಷ್ಟು ಗದರಿಸಿದ್ದೇನೋ. ಅಪಾಯವೂ ಇತ್ತು. ಮಣ್ಣಿನಲ್ಲಿರುವ ಮರಳಿನ ಕಣ ಸುಮಾರು ಐನೂರ ಎಪ್ಪತ್ತರ ಹತ್ತಿರ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪಗಿರುವ ಗೋಡೆಗೆ ಪ್ರತಿಯೊಂದು ಸಲವೂ ಅದು ಕಂಟಕ. ಅಣ್ಣಾರಿಗೆ ಫೋನು ಮಾಡಿ ಎಲ್ಲ ಹೇಳಿದೆ, ಮೂರೂ ಹೋಗಬಹುದು ಎಂದೂ ಹೇಳಿದೆ. "ನೀವು ಸುಡ್ರಿ" ಎಂದರು. "ಇಲ್ಲೆ ಆಕಿ ದಿನಾ ಕೇಳಾಕತ್ತಾಳ."

ಈ ಸಲ ಮಿಸ್ತ್ರಿಯ ಮಾತು ಕೇಳಿದೆ. ಮುಚ್ಚಳಕ್ಕೆ ಇಟ್ಟಿಗೆಯ ಚೂರು ಕೊಟ್ಟು ಸಂದು ಬಿಟ್ಟು, ಗಂಟೆಗೆ ಐವತ್ತು ಡಿಗ್ರಿ. ಮುನ್ನೂರರ ಹತ್ತಿರ ನೀಲಿ ಹೊಗೆ ಎದ್ದಿತು. ವರಾಂಡ, ಅಡುಗೆಮನೆ, ಒಣಹಾಕಿದ ಬಟ್ಟೆ, ಎಲ್ಲದಕ್ಕೂ ಒಗ್ಗರಣೆ ಸೀದ ವಾಸನೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏಮಂಡೀ, ಕೂರ ಮಾಡಿಂದಾ?" ಎಂದು ಕೇಳಿದಳು, ಪಲ್ಯ ಸೀದುಹೋಯಿತೇ ಎಂದು. ಹೌದೆಂದೆ. ಹೊಗೆ ನಿಂತ ಮೇಲೆ ಮುಚ್ಚಳ ಮುಚ್ಚಿ, ಐನೂರರಿಂದ ಆರುನೂರರವರೆಗೆ ಆಮೆಯ ಹಾಗೆ ಏರಿಸಿದೆ. ಆರಲು ಒಂದೂವರೆ ದಿನ ಬಿಟ್ಟೆ. ತೆಗೆದಾಗ ಒಂದು ಬಟ್ಟಲಿನ ತೆಳು ಗೋಡೆ ಅಂಚಿನಿಂದ ಬುಡದವರೆಗೆ ಸೀಳಿತ್ತು. ಎರಡು ಗಟ್ಟಿಯಾಗಿದ್ದವು. ಹನಿ ನೀರು ಬಿಟ್ಟೆ, ಸೊರ್ರೆಂದು ಕುಡಿದವು. ನಾಲಗೆ ಅಂಟಿತು. ಅವತ್ತು ನಾನು ಒಬ್ಬಳೇ ನಿಂತು ನಕ್ಕೆ, ಕಣ್ಣಲ್ಲಿ ನೀರೂ ಬಂತು.

ಮುಂದಿನ ಭಾನುವಾರ ಎರಡನ್ನೂ ಗ್ಲೇಜಿಗೆ ಅದ್ದಿದೆ. ಮೂರೆಣಿಕೆ, ಒಂದೇ ಸಲ. ಪುಡಿ ತಕ್ಷಣ ಮೈಗೆ ಕೂತಿತು. ಬುಡ ಒರೆಸುವಾಗ ಬೆರಳಿಗೆ ಎಣ್ಣೆ ತಾಗದಿರಲೆಂದು ಬೆಳಿಗ್ಗೆ ತಲೆಗೂ ಎಣ್ಣೆ ಹಚ್ಚಿಕೊಂಡಿರಲಿಲ್ಲ. ಮಧ್ಯಾಹ್ನ ಸಾವಿರದ ನೂರರಲ್ಲಿ ಕರೆಂಟು ಹೋಯಿತು. ಮುಚ್ಚಳ ಮುಟ್ಟದೆ, ಕಿಂಡಿಯನ್ನೂ ತೆರೆಯದೆ, ಮೀಟರು ಇಳಿಯುವುದನ್ನು ನೋಡುತ್ತ ಕೂತೆ. ಸಾವಿರದ ಎಂಬತ್ತು, ಸಾವಿರದ ನಲವತ್ತು. ಏರುವಾಗ ಕರೆಂಟು ಹೋದರೆ ಬಟ್ಟಲಿಗೆ ದೊಡ್ಡ ಕೇಡಿಲ್ಲ, ಬಂದ ಮೇಲೆ ಮುಂದುವರಿಸಿ ಕೋನ್ ಬಾಗುವವರೆಗೆ ಕಾಯಬೇಕು ಎಂದು ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಬಂತು. ಐದೂವರೆಗೆ ಕೋನ್ ತಲೆ ಬಾಗಿಸಿತು.

ಮರುದಿನ ಹೊತ್ತೇರಿದರೂ ಮುಚ್ಚಳ ತೆಗೆಯಲಿಲ್ಲ. ಮೇಲೆ ಕೈಯಿಟ್ಟರೆ ಬಿಸಿ ತಾಳುವಷ್ಟಾಗುವವರೆಗೆ ಕಾದೆ. ತೆಗೆದಾಗ ಎರಡೂ ಬಟ್ಟಲು ಕಡೆದ ಮಜ್ಜಿಗೆಯ ಬಣ್ಣದಲ್ಲಿ ಕೂತಿದ್ದವು. ಒಂದರ ಹೊರಮೈಯಲ್ಲಿ ನಾಣ್ಯದಷ್ಟು ಜಾಗ ಗ್ಲೇಜ್ ಹಿಡಿದಿರಲಿಲ್ಲ. ಇನ್ನೊಂದಕ್ಕೆ ಒಂದು ಚುಕ್ಕೆಯೂ ಇರಲಿಲ್ಲ. ಅಂಚಿನ ಮೇಲೆ ಬೆರಳಾಡಿಸಿದೆ, ನುಣುಪಾಗಿತ್ತು. ಬಲಗೋಡೆಯ ಬಾಗು ಮಾತ್ರ ಇದ್ದ ಹಾಗೇ ಇತ್ತು.

ಊಟದ ಹೊತ್ತಿಗೆ ಉಪ್ಪಲ್‌ಗೆ ಹೋದೆ. ವೈನಿ ಕುರ್ಚಿಯಲ್ಲಿ ಕೂತಿದ್ದರು, ಎದುರಿಗೆ ಸಣ್ಣ ಮೇಜು. ಬಟ್ಟಲುಗಳನ್ನು ಮುಂದಿಟ್ಟೆ. ಅವರು ಚುಕ್ಕೆಯಿಲ್ಲದ್ದನ್ನು ಎಡಗೈಯಿಂದ ಹತ್ತಿರಕ್ಕೆ ಎಳೆದುಕೊಂಡು, ಬಾಗಿದ ಗೋಡೆಯನ್ನು ಬಹಳ ಹೊತ್ತು ಸವರಿ, ಕೈಯನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡರು. ಅಣ್ಣಾರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ತಂಗಿ, ಇದಕ್ಕ ಈಗ ಎಣ್ಣಿ ಹಚ್ಚಬೇಕೇನ್ರಿ?"

"ಬ್ಯಾಡ್ರಿ ಅಣ್ಣಾರ. ನಿಮ್ಮ ಕೈ ಮುಗೀತೀನಿ."

ವೈನಿಯ ಅರ್ಧ ಬಾಯಿ ನಕ್ಕಿತು. "ಗೊತ್ತೈತಿ ನನಗ" ಎಂದರು, ಒಂದೊಂದೇ ಮಾತು ಹುಡುಕಿ. "ಮನಿ ತುಂಬ… ಕುಸುಬಿ ವಾಸನಿ. ಕಣ್ಣು ಮುಚ್ಚಿ ಮಲಗಿದ್ದೆ. ಹಚ್ಚಲಿ ಅಂತ… ಬಿಟ್ಟೆ." ಅಣ್ಣಾರು ಕಿವಿಯವರೆಗೆ ಕೆಂಪಾದರು.

ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ದಾರಿಯಲ್ಲಿ ಹತ್ತು ಸಲ ಹೇಳಿಕೊಂಡು ಬಂದ ಮಾತು ಅಲ್ಲಿ ಅರ್ಧಕ್ಕೇ ತುಂಡಾಯಿತು. "ವೈನಿ, ಅವತ್ತ ನಾ ಬಲಗೈ ಬಗ್ಗೆ ಹಂಗ ಅನ್ನಬಾರದಿತ್ತು. ಆವಾಗನ ನನಗ ತಿಳೀಬೇಕಾಗಿತ್ತು."

ವೈನಿ ಮಡಿಲಲ್ಲಿ ಮಲಗಿದ್ದ ಬಲಗೈಯನ್ನು ನೋಡಿದರು. "ನನಗನ… ತಿಳೀಲಿಲ್ಲ. ನಿನಗ ಹೆಂಗ ತಿಳೀಬೇಕು?" ಆಮೇಲೆ ಉಸಿರು ತೆಗೆದುಕೊಂಡು ಹೇಳಿದರು, "ಪಂಚಮಿ ಮುಗೀತು. ಆಕಿ ಇನ್ನೂ… ತವರಾಗ ಅದಾಳ. ಬಂದ್ರ ಬರಲಿ." ಸೆರಗಿನೊಳಗಿಂದ ಎಡಗೈ ಹೊರಗೆ ತೆಗೆದರು. "ಇಕಿ ಸಣ್ಣ ಸೊಸಿ. ಅಡಗಿಮನಿ… ಕಲೀಬೇಕು."

ಅಣ್ಣಾರು ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಬಟ್ಟಲಿಗೆ ಹಾಕಿ, ಚಮಚ ಇಟ್ಟರು. ವೈನಿ ಚಮಚ ಮುಟ್ಟಿ, ಹಿಂದೆ ತೆಗೆದು, ನಮ್ಮಿಬ್ಬರನ್ನೂ ನೋಡಿದರು.

"ಆ ಕಡೆ… ಮಾರಿ ಮಾಡ್ರಿ."

ನಾವಿಬ್ಬರೂ ಎದ್ದು ಗೋಡೆಯ ಕಡೆ ತಿರುಗಿ ನಿಂತೆವು. ಎದುರಿಗೆ ಕ್ಯಾಲೆಂಡರು. ಹಿಂದೆ ಚಮಚ ಬಟ್ಟಲಿಗೆ ತಾಗಿದ ಸದ್ದು. ಎಡಗೈ ನುಚ್ಚನ್ನು ಬಲಕ್ಕೆ ತಳ್ಳುತ್ತಿರಬೇಕು. ನೆಟ್ಟಗಿನ ಗೋಡೆಯಾಗಿದ್ದರೆ ಅದು ಏರಿ ಆಚೆ ಚೆಲ್ಲುತ್ತಿತ್ತು. ಒಳಕ್ಕೆ ಬಾಗಿದ ದಪ್ಪ ಗೋಡೆ ತಡೆದು ಚಮಚಕ್ಕೇ ಹಾಕುತ್ತಿರಬೇಕು, ಚೆಲ್ಲಿದ ಸದ್ದು ಬರಲಿಲ್ಲ. ಕೆರೆಯುವ ಸದ್ದು, ಸುಮ್ಮನಾಗುವುದು, ಮತ್ತೆ ಕೆರೆಯುವ ಸದ್ದು. ಪಕ್ಕದಲ್ಲಿ ಅಣ್ಣಾರು ಪ್ರತಿ ಚಮಚಕ್ಕೂ ಬೆರಳು ಮಡಚಿ ಎಣಿಸುತ್ತಿದ್ದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋದರು.

ಸದ್ದು ನಿಂತಿತು. ಅಣ್ಣಾರು ಕ್ಯಾಲೆಂಡರನ್ನೇ ನೋಡುತ್ತ ಕೇಳಿದರು, "ಇನ್ನೊಂದೀಟು ಹಾಕ್ಲೇನು?"

ಮೇಜಿನ ಮೇಲೆ ಬಟ್ಟಲು ಮೆಲ್ಲಗೆ ಅಣ್ಣಾರ ಕಡೆಗೆ ಸರಿದ ಸದ್ದು ಕೇಳಿಸಿತು.